ಬರೋದು 18 ಸಾವಿರ, ಬಾಡಿಗೆ 13,500: ಬೆಂಗಳೂರು ಬಿಟ್ಟರೆ ಎಲ್ಲಿಗೆ ಹೋಗೋದು?

ಹೊಲಿಗೆ_ಮನೆ | ಭಾನುವಾರ ಬೆಳಿಗ್ಗೆ 10:20
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಮನೆಯಲ್ಲಿ ನಾವಿಬ್ಬರೇ. ಯಜಮಾನರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ 29 ವರ್ಷ ಲೇತ್ ಓಡಿಸಿದರು. ಏಪ್ರಿಲ್‌ನಲ್ಲಿ ರಿಟೈರ್ ಆದರು, ಈಗ 58. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 16 ಲಕ್ಷ ಬಂತು. ಅದನ್ನು ಬ್ಯಾಂಕಲ್ಲಿ ಎಫ್‌ಡಿ ಇಟ್ಟಿದ್ದೇವೆ, ತಿಂಗಳಿಗೆ ಸುಮಾರು 9,000 ಬಡ್ಡಿ. ಇಪಿಎಫ್ ಪಿಂಚಣಿ 3,400. ನಾನು ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಕುಚ್ಚು ಹಾಕುತ್ತೇನೆ. ತಿಂಗಳಿಗೆ ಐದೂವರೆ ಸಾವಿರ ಸಿಗುತ್ತೆ. ಹಬ್ಬ, ಮದುವೆ ಸೀಸನ್ ಇದ್ದರೆ ಸ್ವಲ್ಪ ಜಾಸ್ತಿ. ಗೃಹಲಕ್ಷ್ಮಿ ದುಡ್ಡನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಗ್ಯಾಸ್ ಮತ್ತು ಮಾತ್ರೆಗೇ ಸರಿ.

ಲಗ್ಗೆರೆಯಲ್ಲಿ ಒಂದು ಬೆಡ್‌ರೂಮಿನ ಮನೆ, 13,500. ಅಕ್ಟೋಬರ್‌ನಿಂದ 15,000 ಕೊಡಿ ಅಂದಿದ್ದಾರೆ ಮಾಲೀಕರು. ಕಳೆದ ಬೇಸಿಗೆಯ ಹಿಂದಿನ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ದುಡ್ಡೂ ನಮ್ಮ ತಲೆ ಮೇಲೆ ಬಿದ್ದಿತ್ತು.

ಇಬ್ಬರಿಗೂ "ನಮ್ಮ ಊರು" ಅಂತ ಏನೂ ಉಳಿದಿಲ್ಲ. ಯಜಮಾನರದು ಪಾವಗಡದ ಕಡೆ, ಜಮೀನು ಮಾರಿ 20 ವರ್ಷ ಆಯ್ತು. ಒಬ್ಬಳೇ ಮಗಳು, ನೆಲಮಂಗಲಕ್ಕೆ ಕೊಟ್ಟಿದ್ದೇವೆ. ಇನ್ನೊಂದು ವಿಷಯ: ಎರಡು ವರ್ಷದ ಹಿಂದೆ ಇವರಿಗೆ ಒಂದು ಸ್ಟೆಂಟ್ ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ಜಯದೇವಕ್ಕೆ ಹೋಗಿ ತೋರಿಸಬೇಕು.

ಅರಸೀಕೆರೆ, ತಿಪಟೂರು, ಶಿವಮೊಗ್ಗ, ಧಾರವಾಡ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮಂಥವರು ಎಲ್ಲಿಗೆ ಹೋದರೆ ಬದುಕಬಹುದು? ಹೊಸ ಊರಲ್ಲಿ ಹೊಲಿಗೆಗೆ ಗಿರಾಕಿ ಸಿಗುತ್ತಾರಾ? ಹೋಗಿ ಬಂದವರು ಹೇಳಿ.

ಬೆಂಗ್ಳೂರ್_ಬಿಡಲ್ಲ | 10:31
ಬಿಡಬೇಡಿ ಅಕ್ಕ. ಬಿಟ್ಟವರು ಯಾರೂ ವಾಪಸ್ ಬರೋಕೆ ಆಗಲ್ಲ. ಬರೋ ಹೊತ್ತಿಗೆ ಬಾಡಿಗೆ ಇನ್ನೂ ಐದು ಸಾವಿರ ಏರಿರುತ್ತೆ.

ಗುಬ್ಬಿ_ಗೂಡು | 10:34
ಬಿಡದಿದ್ದರೆ ತಿನ್ನೋದೇನು ಸ್ವಾಮಿ, ಮೆಟ್ರೋ ಟಿಕೆಟ್ಟಾ?

ಲೆಕ್ಕದ_ಮಾಸ್ತರು | 11:05
ಊರಿನ ಮಾತು ಆಮೇಲೆ. ಮೊದಲು ಆ ಎಫ್‌ಡಿ ವಿಷಯ.

16 ಲಕ್ಷಕ್ಕೆ 9,000 ಅಂದರೆ ನಿಮಗೆ ಬರುತ್ತಿರುವುದು ಶೇ. 6.75. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಶೇ. 8.2 ಇದೆ. ಪೋಸ್ಟ್ ಆಫೀಸಲ್ಲೂ ಮಾಡಬಹುದು, ಬ್ಯಾಂಕಲ್ಲೂ ಮಾಡಬಹುದು. ಪೂರ್ತಿ 16 ಲಕ್ಷ ಹಾಕಿದರೆ ವರ್ಷಕ್ಕೆ 1,31,200. ಮೂರು ತಿಂಗಳಿಗೊಮ್ಮೆ 32,800 ಖಾತೆಗೆ ಬರುತ್ತೆ. ತಿಂಗಳ ಲೆಕ್ಕಕ್ಕೆ 10,900. ಇದ್ದ ಜಾಗದಿಂದ ಅಲುಗಾಡದೆ 1,900 ರೂಪಾಯಿ ಹೆಚ್ಚಾಯ್ತು.

ಇನ್ನೂ 60 ಆಗಿಲ್ಲ ಅಂತ ಯಾರಾದರೂ ವಾಪಸ್ ಕಳಿಸಬಹುದು, ಕೇಳಬೇಡಿ. 55 ದಾಟಿ ರಿಟೈರ್ ಆದವರಿಗೆ ಅವಕಾಶ ಇದೆ. ಆದರೆ ನಿವೃತ್ತಿ ದುಡ್ಡು ಕೈಗೆ ಬಂದ ಮೂರು ತಿಂಗಳ ಒಳಗೆ ಹಾಕಬೇಕು. ದುಡ್ಡು ಯಾವಾಗ ಬಂತು?

ಹೊಲಿಗೆ_ಮನೆ | 11:40
ಅಯ್ಯೋ, ಇದು ನಮಗೆ ಯಾರೂ ಹೇಳಲೇ ಇಲ್ಲ ಸರ್. ಜೂನ್ 20ಕ್ಕೆ ಬಂತು.

ಲೆಕ್ಕದ_ಮಾಸ್ತರು | 11:44
ಹಾಗಾದರೆ ಇನ್ನೂ ನಾಲ್ಕು ವಾರ ಇದೆ. ನಾಳೆ ಸೋಮವಾರ. ದುಡ್ಡು ಬಂದ ದಿನ ತೋರಿಸುವ ಕಾಗದ, ಕಂಪನಿಯವರ ಪತ್ರ ಇಟ್ಟುಕೊಂಡು ಹೋಗಿ.

ಮಿತವ್ಯಯಿ | 12:10
ಮಾಸ್ತರೇ, ಪೂರ್ತಿ 16 ಹಾಕಿ ಅನ್ನೋದು ತಪ್ಪು. ಹೃದಯದ ತೊಂದರೆ ಇರುವ ಮನೆ. ಅದು ಐದು ವರ್ಷದ ಯೋಜನೆ. ಒಂದು ವರ್ಷದ ಒಳಗೆ ಮುರಿದರೆ ಬಡ್ಡಿಯೇ ಇಲ್ಲ, ಆಮೇಲೆ ಮುರಿದರೂ ಒಂದು, ಒಂದೂವರೆ ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ. 14 ಹಾಕಿ, 2 ಲಕ್ಷ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲಿ.

ಲೆಕ್ಕದ_ಮಾಸ್ತರು | 12:15
ಒಪ್ಪಿದೆ. 14ಕ್ಕೆ ತಿಂಗಳಿಗೆ 9,560ರ ಹತ್ತಿರ ಬರುತ್ತೆ. ಈಗಿನ 9,000ಕ್ಕಿಂತ ಆಗಲೂ ಮೇಲೇ, ಜೊತೆಗೆ 2 ಲಕ್ಷ ಕೈಯಲ್ಲಿ.

ಧಾರವಾಡ_ಫೇಡೆ | 12:30
ಅಕ್ಕಾರ, ಧಾರವಾಡಕ್ಕ ಬರ್ರಿ. ಹವಾ ಛಲೋ, ಮಂದಿ ಛಲೋ. ರಿಟೈರ್ ಆದವರ ಊರು ಅಂತ ಮೊದಲಿಂದಲೂ ಹೆಸರು ಇದೆ. ದೊಡ್ಡ ಆಸ್ಪತ್ರೆ ಧಾರವಾಡದಲ್ಲೂ ಇದೆ, ಹುಬ್ಬಳ್ಳಿಯಲ್ಲೂ ಇದೆ. ಬೆಂಗಳೂರಿಗೆ ಹೋಗಬೇಕು ಅಂದರೆ 2023ರಿಂದ ವಂದೇ ಭಾರತ್ ಓಡುತ್ತಿದೆ. 7,000ಕ್ಕೆ ಎರಡು ಕೋಣೆಯ ಮನೆ ನಾನೇ ಹುಡುಕಿ ಕೊಡುತ್ತೇನೆ.

ನೀರಿಲ್ಲದ_ನಲ್ಲಿ | 12:41
ನೀರಿನ ವಿಷಯ ಬಿಟ್ಟುಬಿಟ್ಟಿರಲ್ಲ ಫೇಡೆಯವರೇ. ಮಲಪ್ರಭೆ ನೀರು ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತೆ?

ಧಾರವಾಡ_ಫೇಡೆ | 12:44
24 ತಾಸು ನೀರು ಬರೋ ವಾರ್ಡ್ 2008ರಿಂದಲೇ ಇವೆ.

ನೀರಿಲ್ಲದ_ನಲ್ಲಿ | 12:46
ನಾನು ಕೇಳಿದ್ದು ನಿಮ್ಮ ಓಣಿಗೆ.

ಧಾರವಾಡ_ಫೇಡೆ | 12:58
...ಐದು ದಿನಕ್ಕೊಮ್ಮೆ. ಆದರೆ ಮನೆಗೆ ದೊಡ್ಡ ಸಂಪ್ ಇದೆ ಮಾರಾಯ, ಇಬ್ಬರಿಗೆ ಎಷ್ಟು ಬೇಕು?

ಓದೋ_ಹುಡುಗ | 1:20
ಸಪ್ತಾಪುರದ ಕಡೆ ಮಾತ್ರ ಹೋಗಬೇಡಿ ಆಂಟಿ. ಪೊಲೀಸ್ ಕೆಲಸ, ಕೆಎಎಸ್ ಅಂತ ಓದೋಕೆ ಬಂದಿರುವ ನಮ್ಮಂಥ ಹುಡುಗರೇ ತುಂಬಿದ್ದೇವೆ. ಒಂದು ರೂಮಿಗೆ ಐದು ಜನ ಸೇರಿ ಬಾಡಿಗೆ ಕೊಡುತ್ತೇವೆ. ಸಂಸಾರದವರಿಗೆ ಯಾಕೆ ಕೊಡುತ್ತಾರೆ ಹೇಳಿ.

ಮಲೆನಾಡ_ಇಂಬಳ | 2:15
ಸಾಗರದಲ್ಲಿ ಮನೆ 5,000ಕ್ಕೆ ಸಿಗುತ್ತೆ. ನೀರಿನ ಚಿಂತೆ ಇಲ್ಲ, ಗಾಳಿ ಚೆನ್ನಾಗಿದೆ.

ಆದರೂ ನಾನೇ ಹೇಳುತ್ತೇನೆ, ಬರಬೇಡಿ. ನನ್ನ ಚಿಕ್ಕಪ್ಪ ರಾಜಾಜಿನಗರದಿಂದ ಬಂದು ಇಲ್ಲಿ ನೆಲೆ ನಿಂತರು. ಮೊದಲ ಮಳೆಗಾಲಕ್ಕೇ ಸಾಕಾಯ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಹೊಲಿಗೆ ಮೆಷಿನ್ ಮೋಟರಿನದಾದರೆ ಮುಗೀತು ಕಥೆ. ಬೀರುವಿನಲ್ಲಿ ಇಟ್ಟ ರೇಷ್ಮೆ ಸೀರೆಗೆ ಬೂಷ್ಟು ಬರುತ್ತೆ. ಗಿರಾಕಿ ಸೀರೆಗೆ ಬಂದರೆ ನೀವೇ ತೆರಬೇಕು. ಚಿಕ್ಕಪ್ಪನಿಗೆ ಅಂಗಳದ ಪಾಚಿಯಲ್ಲಿ ಜಾರಿ ಸೊಂಟ ಮುರಿಯಿತು. ಶಿವಮೊಗ್ಗಕ್ಕೆ ಕರೆದೊಯ್ಯೋಕೆ ಆ ಮಳೆಯಲ್ಲಿ ಎರಡು ಗಂಟೆ ಆಯ್ತು. ಹುಟ್ಟಿ ಬೆಳೆದ ನಮಗೆ ಇದೆಲ್ಲ ಲೆಕ್ಕಕ್ಕಿಲ್ಲ. 58ನೇ ವಯಸ್ಸಲ್ಲಿ ಬಂದು ಕಲಿಯೋ ವಿದ್ಯೆ ಅಲ್ಲ.

ಬೆಂಗ್ಳೂರ್_ಬಿಡಲ್ಲ | 2:19
ಜೊತೆಗೆ ಮಂಗನ ಕಾಯಿಲೆ ಬೇರೆ.

ಮಲೆನಾಡ_ಇಂಬಳ | 2:24
ಗುರು, ಅದು ಕಾಡಂಚಿನಲ್ಲಿ ಓಡಾಡುವವರಿಗೆ ಉಣ್ಣೆ ಹುಳ ಕಚ್ಚಿ ಬರೋದು. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಪತ್ತೆಯಾಯ್ತು ಅಂತ ಇಡೀ ಮಲೆನಾಡಿಗೆ ಬೋರ್ಡ್ ಹಾಕಬೇಡ. ಪೇಟೆಯಲ್ಲಿ ಬ್ಲೌಸ್ ಹೊಲಿಯುವವರಿಗೆ ಎಲ್ಲಿಂದ ಬರುತ್ತೆ?

ಹಾಸನದ_ಹೈದ | 3:02
ಹಾಸನ ಯಾಕೆ ಯಾರೂ ಹೇಳುತ್ತಿಲ್ಲ? ಮೆಡಿಕಲ್ ಕಾಲೇಜು ಆಸ್ಪತ್ರೆ ಊರೊಳಗೇ ಇದೆ. ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ರೈಲು 2017ರಿಂದ ಇದೆ. ಹವೆಯೂ ತಂಪು.

ಸುದ್ದಿ_ಸುಬ್ಬ | 3:05
ಸ್ಟೆಂಟ್ ಹಾಕಿಸಿಕೊಂಡವರನ್ನು ಹಾಸನಕ್ಕಾ? ಟಿವಿ ನೋಡಲ್ವಾ ನೀವು? ದಿನಾ ಒಂದು ಹೃದಯಾಘಾತ.

ಹಾಸನದ_ಹೈದ | 3:11
ಬಂತಪ್ಪಾ. 2025ರ ಜೂನ್‌ನಲ್ಲಿ ಟಿವಿಯವರು ಎಣಿಸಿ ಎಣಿಸಿ ತೋರಿಸಿದರು. ಆಮೇಲೆ ಸರ್ಕಾರ ಜಯದೇವ ಆಸ್ಪತ್ರೆ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅಸಹಜ ಏರಿಕೆ ಏನೂ ಇಲ್ಲ ಅಂತ ಸಮಿತಿ ಹೇಳಿತು. ಆ ಸುದ್ದಿ ಒಂದು ದಿನವೂ ಓಡಲಿಲ್ಲ.

ಸುದ್ದಿ_ಸುಬ್ಬ | 3:13
ಏನೋಪ್ಪ. ನಮ್ಮತ್ತೆ ಹಾಸನದ ಹುಡುಗನ ಸಂಬಂಧವೇ ಬೇಡ ಅಂದುಬಿಟ್ಟರು.

ಹಾಸನದ_ಹೈದ | 3:14
ಹುಡುಗ ಬಚಾವಾದ.

ಸಿಸ್ಟರ್_ಅಕ್ಕ | 4:30
ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಮೂರು ತಿಂಗಳಿಗೊಮ್ಮೆ ತೋರಿಸೋದು ದೊಡ್ಡ ಸಮಸ್ಯೆ ಅಲ್ಲ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಏನು ಅನ್ನೋದು ಕೇಳಬೇಕಾದ ಪ್ರಶ್ನೆ.

ಈಗ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಅದು ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತೆ. ಹೌದು, ಇದು ಹೃದಯಾಘಾತವೇ ಅಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ಹಾಗಾಗಿ ಹಳ್ಳಿ ಬೇಡ, ತಾಲ್ಲೂಕು ಕೇಂದ್ರವೇ ಇರಲಿ. ಆಸ್ಪತ್ರೆಯಿಂದ ಆಟೋದಲ್ಲಿ ಹತ್ತು ನಿಮಿಷದ ಒಳಗೆ ಮನೆ ಹುಡುಕಿ. ಮನೆ ನೋಡುವ ದಿನವೇ ಆ ಆಸ್ಪತ್ರೆಗೂ ಹೋಗಿ. ಈ ಸೌಲಭ್ಯ ಇದೆಯಾ, ರಾತ್ರಿ ಡಾಕ್ಟರ್ ಇರುತ್ತಾರಾ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ.

ದಿನದ ಮಾತ್ರೆ ಜನೌಷಧಿಯಲ್ಲಿ ತಗೊಳ್ಳಿ, ತಾಲ್ಲೂಕುಗಳಲ್ಲೂ ಅಂಗಡಿ ಇವೆ. ಯಾವ ಮಾತ್ರೆ ಬದಲಾಯಿಸಬಹುದು ಅಂತ ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಹೊಲಿಗೆ_ಮನೆ | 5:10
ಸಿಸ್ಟರ್, ಇದನ್ನು ಇವರಿಗೆ ಓದಿ ಹೇಳಿದೆ. "ರಾತ್ರಿ ಎರಡು ಗಂಟೆ ಯಾಕೆ, ಹಗಲು ಬರಬಾರದಾ" ಅಂತಾರೆ. ಏನು ಹೇಳೋದು ಇವರಿಗೆ.

ವಾಪಸ್_ಬಂದವನು | 8:45
ನನ್ನ ಕಥೆಯೂ ಕೇಳಿ. ಇಲ್ಲಿ ಎಲ್ಲರೂ ಬಾಡಿಗೆ ಮಾತ್ರ ನೋಡುತ್ತಿದ್ದಾರೆ.

ಮೂರು ವರ್ಷದ ಹಿಂದೆ ನಾನು, ನನ್ನ ಹೆಂಡತಿ ಬೆಂಗಳೂರು ಬಿಟ್ಟು ಒಂದು ಸಣ್ಣ ಊರಿಗೆ ಹೋದೆವು. ಊರಿನ ಹೆಸರು ಬೇಡ, ಅಲ್ಲಿಯವರು ಒಳ್ಳೆಯವರೇ. ಬಾಡಿಗೆ 16,000 ಇದ್ದಿದ್ದು 5,500 ಆಯ್ತು. ಮೊದಲ ಮೂರು ತಿಂಗಳು ರಾಜನ ಹಾಗೆ ಇದ್ದೆ. ಆಮೇಲೆ ಒಂದೊಂದೇ ಶುರುವಾಯ್ತು.

ಬೆಂಗಳೂರಲ್ಲಿ ನಾನು ಸಂಜೆ ಎರಡು ಅಂಗಡಿಗೆ ಲೆಕ್ಕ ಬರೆದು 8,000 ದುಡಿಯುತ್ತಿದ್ದೆ. ಅದು ನಿಂತಿತು. ಸಣ್ಣ ಊರಲ್ಲಿ ಅಂಗಡಿಯವನ ಲೆಕ್ಕ ಅಂಗಡಿಯವನ ಭಾವಮೈದುನನೇ ಬರೆಯುತ್ತಾನೆ. ಹಾಗಾಗಿ 10,500 ಉಳಿಯಿತು ಅಂದುಕೊಂಡಿದ್ದು ನಿಜವಾಗಿ ಎರಡೂವರೆ ಸಾವಿರ. ಅದರಲ್ಲಿ ಬೆಂಗಳೂರಿಗೆ ಓಡಾಟ. ಮದುವೆ, ನಾಮಕರಣ, ತಿಥಿ, ಬ್ಯಾಂಕು, ಕಣ್ಣಿನ ಡಾಕ್ಟರು. ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಫ್ರೀ, ನನಗಿಲ್ಲ. ಬಸ್ ದರ 2025ರ ಜನವರಿಯಲ್ಲಿ ಶೇ. 15 ಏರಿತು. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರಲ್ಲೇ ತೆಗೆದರು. ತಿಂಗಳಿಗೆ ಎರಡು ಸಲ ಬಂದುಹೋದರೆ ಉಳಿತಾಯ ಸೊನ್ನೆ.

ದುಡ್ಡಿಗಿಂತ ದೊಡ್ಡದು ಇನ್ನೊಂದು. ಸಂಜೆ ಏಳೂವರೆಗೆ ಬೀದಿ ಖಾಲಿ. ಹೆಂಡತಿಗೆ ಇಲ್ಲಿ ಭಜನೆ ಮಂಡಳಿ ಇತ್ತು, ತರಕಾರಿ ಗಾಡಿಯವಳ ಜೊತೆ ಜಗಳ ಇತ್ತು. ಅಲ್ಲಿ ಒಂದು ವರ್ಷ ಆದರೂ ನಾವು "ಬೆಂಗಳೂರಿನವರು". ಹೋದ ವರ್ಷ ವಾಪಸ್ ಬಂದೆವು, ಹಳೆಯ ಏರಿಯಾದಲ್ಲಿ ಮನೆ ಸಿಗಲಿಲ್ಲ. ಈಗ ಅಂಚೇಪಾಳ್ಯದ ಆಚೆ ಇದ್ದೇವೆ. ಹೋಗಬೇಡಿ ಅನ್ನಲ್ಲ. ಸಾಮಾನೆಲ್ಲ ಲಾರಿಗೆ ಹೇರೋ ಮೊದಲು ಅಲ್ಲಿ ಹದಿನೈದು ದಿನ ಇದ್ದು ನೋಡಿ.

ಬೆಂಗ್ಳೂರ್_ಬಿಡಲ್ಲ | 8:50
ನಾನು ಹೇಳಿದ್ದು ಇದನ್ನೇ.

ಗುಬ್ಬಿ_ಗೂಡು | 8:52
ನೀವು ಹೇಳಿದ್ದು ಎರಡು ಸಾಲು ಸ್ವಾಮಿ. ಅವರು ಅನುಭವಿಸಿ ಹೇಳಿದರು.

ಕುಚ್ಚು_ಕಸೂತಿ | 9:30
ಹೊಲಿಗೆ ವಿಷಯ ನಾನು ಹೇಳುತ್ತೇನೆ, ನಾನೂ ಅದೇ ಕಸುಬಿನವಳು. ಯಲಹಂಕದಿಂದ ಕಡೂರಿಗೆ ಹೋಗಿ ನಾಲ್ಕು ವರ್ಷ ಆಯ್ತು.

ಅಕ್ಕ, ಮೊದಲ ಆರು ತಿಂಗಳು ಏನೂ ಬರಲ್ಲ ಅಂತಲೇ ಲೆಕ್ಕ ಹಾಕಿ. ಬ್ಲೌಸ್ ಅಂದರೆ ನಂಬಿಕೆ. ಅಳತೆ ಬ್ಲೌಸ್ ಕೊಟ್ಟು ಮೊದಲು ಒಂದು ಹಳೇ ಕಾಟನ್ ಸೀರೆಯದ್ದು ಹೊಲಿಸುತ್ತಾರೆ. ಸರಿಯಾದರೆ ರೇಷ್ಮೆ ತರುತ್ತಾರೆ. ರೇಟೂ ಕಡಿಮೆ. ಲೈನಿಂಗ್ ಬ್ಲೌಸಿಗೆ ಯಲಹಂಕದಲ್ಲಿ 450 ತಗೊಳ್ಳುತ್ತಿದ್ದೆ, ಇಲ್ಲಿ 280 ಅಂದರೂ ಮುಖ ನೋಡುತ್ತಾರೆ. ಆದರೆ ಕುಚ್ಚು ಕಟ್ಟುವವರು ಸಣ್ಣ ಊರಲ್ಲಿ ಕಡಿಮೆ. ಮಣಿ ಹಾಕಿ ಕ್ರೋಶಾ ಕುಚ್ಚು ಬರುತ್ತಾ ನಿಮಗೆ? ಬಂದರೆ ಬದುಕಿದಿರಿ. ಮೊದಲು ಹತ್ತಿರದ ಸೀರೆ ಅಂಗಡಿಯವರನ್ನು ಹಿಡಿಯಿರಿ, ಫಾಲ್ ಮತ್ತು ಕುಚ್ಚು ಅವರೇ ಕಳಿಸುತ್ತಾರೆ. ಒಂದು ಸೀರೆಗೆ ಅವರು 50 ಹಿಡಿದರೂ ಹಿಡಿಯಲಿ.

ಲಗ್ಗೆರೆಯ ಹಳೇ ಗಿರಾಕಿಗಳನ್ನು ಬಿಡಬೇಡಿ. ನನ್ನ ನಾಲ್ವರು ಯಲಹಂಕದವರು ಈಗಲೂ ಸೀರೆ ಕಳಿಸುತ್ತಾರೆ. ನಿಮಗೆ ಮಗಳು ನೆಲಮಂಗಲದಲ್ಲಿ ಇದ್ದಾಳಲ್ಲ, ಅವಳೇ ನಿಮ್ಮ ಬ್ರಾಂಚ್ ಆಫೀಸು!

ಹೊಲಿಗೆ_ಮನೆ | 9:48
ಕ್ರೋಶಾ ಬರುತ್ತೆ! ಬೇಬಿ ಕುಚ್ಚೂ ಹಾಕುತ್ತೇನೆ. ಬ್ರಾಂಚ್ ಆಫೀಸು ಅಂದಿದ್ದು ಓದಿ ಮಗಳು ನಗುತ್ತಿದ್ದಾಳೆ.

ಕಲ್ಪತರು_ನಾಡು | 10:15
ತಿಪಟೂರಿನವನು ನಾನು. ಸುಮ್ನೆ ಹೊಗಳಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಿಮ್ಮ ವಿಷಯದಲ್ಲಿ ಮುಖ್ಯ ದಾರಿ. ತಿಪಟೂರಿಂದ ಬೆಂಗಳೂರಿಗೆ ಹೋಗುವ ಬಸ್ಸು ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು ದಾಟಿ ನೆಲಮಂಗಲದ ಮೇಲೇ ಹೋಗೋದು. ಮಗಳ ಮನೆಗೆ ಒಂದೇ ಬಸ್ಸು. ನಿಮಗೆ ಟಿಕೆಟ್ ಇಲ್ಲ. ಯಜಮಾನರಿಗೆ 60 ಆದ ಮೇಲೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ಕಡಿತ. ಹುಬ್ಬಳ್ಳಿ ಕಡೆಯ ರೈಲು ಮಾರ್ಗವೂ ನಮ್ಮೂರ ಮೇಲೇ ಇದೆ, ಟಿಕೆಟ್ ಬಸ್ಸಿನ ಅರ್ಧವೂ ಆಗಲ್ಲ. ದೊಡ್ಡ ಆಸ್ಪತ್ರೆ ಅಂದರೆ ತುಮಕೂರು, ಇಲ್ಲವೇ ಹಾಸನ. ಎರಡೂ ಸುಮಾರು 70 ಕಿ.ಮೀ. ಇದೊಂದು ಕೊರತೆ, ಒಪ್ಪುತ್ತೇನೆ. ಒಂದು ಬೆಡ್‌ರೂಮಿನ ಮನೆ ನಮ್ಮ ಬೀದಿಯಲ್ಲಿ 5,500ರಿಂದ 6,500. ಅಡ್ವಾನ್ಸ್ 40, 50 ಸಾವಿರ.

ಗುಬ್ಬಿ_ಗೂಡು | 10:18
ತೆಂಗಿನಕಾಯಿ ಫ್ರೀನಾ?

ಕಲ್ಪತರು_ನಾಡು | 10:21
ಹೊಟ್ಟೆ ಉರಿಸಬೇಡ. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿತು. ತೋಟ ಇದ್ದವರೇ ಚಟ್ನಿಗೆ ಕಡಲೆ ಜಾಸ್ತಿ ಹಾಕಿಕೊಂಡರು.

ಬಯಲುಸೀಮೆ | 10:25
ಕೊಳೆ ರೋಗ, ನುಸಿ, ಬಿಳಿ ನೊಣ ಅಂತ ಹತ್ತು ವರ್ಷ ಅತ್ತಿದ್ದೇವೆ ಸ್ವಾಮಿ. ಒಂದು ವರ್ಷ ರೇಟು ಬಂದರೆ ಎಲ್ಲರ ಕಣ್ಣೂ ಇಲ್ಲೇ.

ಗುಬ್ಬಿ_ಗೂಡು | 10:27
ತಮಾಷೆಗೆ ಕೇಳಿದೆ ಗೌಡ್ರೇ, ಕೋಪ ಬೇಡ.

ಮುಖ_ನೋಡಿ_ಮನೆ | ಸೋಮವಾರ ಬೆಳಿಗ್ಗೆ 7:50
ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ಸಣ್ಣ ಊರಲ್ಲಿ ಮನೆ ಕೇಳೋಕೆ ಹೋದರೆ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ. "ನಿಮ್ಮದು ಯಾವ ಜನ?" ನನಗೆ ಒಂದು ಊರಲ್ಲಿ ಏಳು ಮನೆ ತಪ್ಪಿತು. ಏಳನೆಯವರು ಕಾಫಿ ಕೊಟ್ಟು, ಮನೆಯ ನೀರಿನ ರುಚಿ ಹೊಗಳಿ, ಆಮೇಲೆ "ನಮ್ಮ ತಾಯಿ ಒಪ್ಪಲ್ಲ" ಅಂದರು. ಅಡ್ವಾನ್ಸ್ ದುಡ್ಡು ಜೇಬಿನಲ್ಲೇ ಇತ್ತು.

ಸುದ್ದಿ_ಸುಬ್ಬ | 8:02
ಬೆಂಗಳೂರಲ್ಲಿ ಕೇಳಲ್ವಾ? "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬೋರ್ಡೇ ಹಾಕುತ್ತಾರೆ.

ಮುಖ_ನೋಡಿ_ಮನೆ | 8:06
ಕೇಳುತ್ತಾರೆ. ಆದರೆ ಇಲ್ಲಿ ಎಂಟನೇ ಮನೆ ಪಕ್ಕದ ಬೀದಿಯಲ್ಲೇ ಇರುತ್ತೆ. ಅಲ್ಲಿ ಎಂಟನೇ ಮನೆಯೇ ಇರಲ್ಲ. ಇದ್ದರೂ ಅಷ್ಟರಲ್ಲಿ ಊರಿಗೆಲ್ಲ ವಿಷಯ ಗೊತ್ತಾಗಿರುತ್ತೆ.

ಕಲ್ಪತರು_ನಾಡು | 8:20
ನಮ್ಮೂರಲ್ಲಿ ಹಾಗಿಲ್ಲ ಅಂತ ಬರೆಯೋಕೆ ಕೂತೆ. ಸುಳ್ಳಾಗುತ್ತೆ. ಕೇಳುವವರು ಇದ್ದಾರೆ. ಹೊಸ ಬಡಾವಣೆಗಳಲ್ಲಿ ಕಡಿಮೆ. ಮೇಷ್ಟ್ರು, ಬ್ಯಾಂಕಿನವರು ಅಂತ ವರ್ಗವಾಗಿ ಬರುವವರಿಗೆ ಮನೆ ಕೊಟ್ಟು ಅಭ್ಯಾಸ ಇರುವ ಬೀದಿ ನೋಡಿ.

ನಿರ್ವಾಹಕ | 8:41
ಈ ವಿಷಯ ಮಾತಾಡಬೇಕಾದ್ದೇ. ಆದರೆ ಇದರ ಮೇಲೆ ಬಂದ ಮೂರು ಪ್ರತಿಕ್ರಿಯೆ ತೆಗೆದಿದ್ದೇನೆ. ಅನುಭವ ಬರೆಯಿರಿ, ಬೈಗುಳ ಬೇಡ.

ಸೈಟ್_ಶಿವ | 9:10
ಬಾಡಿಗೆ ಯಾಕೆ ಮೇಡಂ? 16 ಲಕ್ಷ ಇದೆ. ತಾಲ್ಲೂಕಿನ ಹೊರಗೆ 5 ಲಕ್ಷಕ್ಕೆ ರೆವಿನ್ಯೂ ಸೈಟ್ ತಗೊಂಡು ಶೀಟ್ ಮನೆ ಕಟ್ಟಿ. ಜೀವನಪೂರ್ತಿ ಬಾಡಿಗೆ ಇಲ್ಲ. ಬೇಕಾದರೆ ಒಳಪೆಟ್ಟಿಗೆಗೆ ಬನ್ನಿ.

ಮಿತವ್ಯಯಿ | 9:14
ಬಂದ ನೋಡಿ. ಒಳಪೆಟ್ಟಿಗೆಗೆ ಹೋಗಬೇಡಿ ಅಕ್ಕ. ಪಂಚಾಯಿತಿ ವ್ಯಾಪ್ತಿಯಲ್ಲಿ ಸೈಟ್ ಅಂದರೆ ಇ-ಸ್ವತ್ತಿನಲ್ಲಿ (ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಬೇಕು. 11ಬಿ ತೋರಿಸಿ "ಎರಡೂ ಒಂದೇ" ಅನ್ನುವವರೇ ಜಾಸ್ತಿ. ಒಂದೇ ಅಲ್ಲ, 11ಬಿ ಅಂದರೆ ಕಾನೂನಿನ ಒಪ್ಪಿಗೆ ಇಲ್ಲದ ಬಡಾವಣೆಯ ಸೈಟು.

ಸೈಟ್_ಶಿವ | 9:17
ಎಲ್ಲ ರೆಗ್ಯುಲರ್ ಆಗುತ್ತೆ ಸರ್, ಸರ್ಕಾರವೇ ಮಾಡುತ್ತೆ.

ಲೆಕ್ಕದ_ಮಾಸ್ತರು | 9:20
ಆದ ಮೇಲೆ ಬನ್ನಿ ಶಿವಪ್ಪನವರೇ. ಆ ದುಡ್ಡೇ ಅವರಿಗೆ ಸಂಬಳ. 5 ಲಕ್ಷ ತೆಗೆದರೆ ತಿಂಗಳಿಗೆ 3,400 ಬಡ್ಡಿ ಹೋಯ್ತು, ಮನೆ ಕಟ್ಟೋ ಖರ್ಚು ಬೇರೆ. ಅದೇ ಸಣ್ಣ ಊರಿನ ಅರ್ಧ ಬಾಡಿಗೆ ಆಗುತ್ತೆ.

ಕಡತ_ವಿಲೇವಾರಿ | 11:30
ನಾನು ಎರಡು ಸಲ ಊರು ಬದಲಾಯಿಸಿದ್ದೇನೆ. ಕಾಗದದ ಕೆಲಸ ಹೇಳಿಬಿಡುತ್ತೇನೆ, ಇದಕ್ಕೆ ಹೆದರಿ ಕೂರಬೇಡಿ.

ಪಿಂಚಣಿಗೆ ಏನೂ ಮಾಡಬೇಕಿಲ್ಲ. 2025ರ ಜನವರಿಯಿಂದ ಇಪಿಎಫ್ ಪಿಂಚಣಿ ದೇಶದ ಯಾವ ಬ್ಯಾಂಕಿನ ಯಾವ ಶಾಖೆಗೆ ಬೇಕಾದರೂ ಬರುತ್ತೆ. ಜೀವನ ಪ್ರಮಾಣಪತ್ರ ಮೊಬೈಲಲ್ಲಿ ಮುಖ ತೋರಿಸಿ ಮನೆಯಿಂದಲೇ ಕೊಡಬಹುದು. ರೇಷನ್ನು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ತಗೊಳ್ಳಿ, ಕಾರ್ಡಿನ ವಿಳಾಸ ನಿಧಾನವಾಗಿ ಬದಲಾಯಿಸಿದರಾಯ್ತು. ಓಟಿಗೆ ನಮೂನೆ 8.

ಗ್ಯಾಸ್: ಇಲ್ಲಿಯ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ವೋಚರ್ ತಗೊಳ್ಳಿ. ಡೆಪಾಸಿಟ್ ದುಡ್ಡೂ ವಾಪಸ್ ಬರುತ್ತೆ.

ಎಲ್ಲರೂ ಮರೆಯೋದು ಗೃಹಜ್ಯೋತಿ. ಹಳೇ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ, ಹೊಸ ಮನೆಯ ಆರ್.ಆರ್. ನಂಬರಿಗೆ ಜೋಡಿಸಬೇಕು. ಸೇವಾ ಸಿಂಧುವಿನಲ್ಲಿ ಆಗುತ್ತೆ. ನಾನು ಬಿಡಿಸದೆ ಹೋಗಿ, ಹಳೇ ಮನೆಗೆ ಬಂದ ಹೊಸ ಬಾಡಿಗೆದಾರ ನನ್ನ ಹೆಸರಲ್ಲಿ ನಾಲ್ಕು ತಿಂಗಳು ಫ್ರೀಯಾಗಿ ಗೀಸರ್ ಹಾಕಿಕೊಂಡ. ನಾನು ಇಲ್ಲಿ ಬಿಲ್ ಕಟ್ಟಿದೆ.

ಹೊಲಿಗೆ_ಮನೆ | 11:52
ತುಂಬಾ ಉಪಕಾರ ಆಯ್ತು ಸರ್. ಹಾಗೇ ಮಾಸ್ತರೇ, ಪೋಸ್ಟ್ ಆಫೀಸಿಗೆ ಹೋಗಿ ಬಂದೆವು. ಮೊದಲು 60 ಆಗಿಲ್ಲ ಅಂದರು! ನೀವು ಹೇಳಿದ್ದನ್ನೇ ಹೇಳಿದೆ. ಒಳಗೆ ಹೋಗಿ ಕೇಳಿಕೊಂಡು ಬಂದು ಫಾರಂ ಕೊಟ್ಟರು.

ಲೆಕ್ಕದ_ಮಾಸ್ತರು | 11:55
ಶಭಾಷ್.

ಬೆಣ್ಣೆ_ದೋಸೆ | 1:15
ದಾವಣಗೆರೆ ಯಾರಿಗೂ ನೆನಪಿಲ್ವಾ? ಮೆಡಿಕಲ್ ಕಾಲೇಜು ಎರಡು, ಭದ್ರಾ ನಾಲೆ, ಮಂಡಕ್ಕಿ ಮೆಣಸಿನಕಾಯಿ, ಮತ್ತೆ ದೋಸೆ...

ಧಾರವಾಡ_ಫೇಡೆ | 1:18
ಬೇಸಿಗೆಯಲ್ಲಿ ಬೆಣ್ಣೆ ಹೊರಗೇ ಕರಗುತ್ತೆ, ಹಂಚೇ ಬೇಡ.

ಬೆಣ್ಣೆ_ದೋಸೆ | 1:19
ಐದು ದಿನಕ್ಕೊಮ್ಮೆ ಸ್ನಾನ ಮಾಡುವವರು ಮಾತಾಡಬಾರದು.

ಅರಸೀಕೆರೆ_ಜಂಕ್ಷನ್ | 2:40
ಅರಸೀಕೆರೆಯೂ ತಿಪಟೂರಿನ ಹಾಗೇ, 25 ಕಿ.ಮೀ. ಆಚೆ. ಬೆಂಗಳೂರು, ಹುಬ್ಬಳ್ಳಿ, ಹಾಸನ, ಮೈಸೂರು ನಾಲ್ಕೂ ಕಡೆಗೆ ರೈಲು. ಬಾಡಿಗೆ ಐನೂರು ಕಡಿಮೆ ಇರಬಹುದು. ಆದರೆ ನಿಜ ಹೇಳಬೇಕು ಅಂದರೆ ಮಗಳು ನೆಲಮಂಗಲದಲ್ಲಿ ಇರುವಾಗ ತಿಪಟೂರೇ ಸರಿ. ಆ 25 ಕಿ.ಮೀ. ಪ್ರತಿ ಸಲ ಯಾಕೆ?

ಕಲ್ಪತರು_ನಾಡು | 2:43
ಅರಸೀಕೆರೆಯವರು ತಿಪಟೂರನ್ನು ಒಪ್ಪಿಕೊಂಡಿದ್ದು ಇತಿಹಾಸದಲ್ಲೇ ಮೊದಲು.

ವಾಪಸ್_ಬಂದವನು | 4:05
ಅಕ್ಕ, ಒಂದು ಕೇಳಲಾ? ಯಜಮಾನರು ಅಲ್ಲಿ ಇಡೀ ದಿನ ಏನು ಮಾಡುತ್ತಾರೆ? ನಿಮಗೆ ಮೆಷಿನ್ ಇದೆ. 29 ವರ್ಷ ಲೇತ್ ಮುಂದೆ ನಿಂತವರು ಸುಮ್ನೆ ಕೂರಲ್ಲ.

ಹೊಲಿಗೆ_ಮನೆ | 6:30
ನೀವು ಕೇಳಿದ್ದು ನಿನ್ನೆಯಿಂದ ನನ್ನ ತಲೆಯಲ್ಲೂ ಇದೆ. ರಿಟೈರ್ ಆದ ಮೇಲೆ ಮನೆಯ ಎಲ್ಲ ಬಾಗಿಲ ತಿರುಗಣಿಗೂ ಎರಡು ಸಲ ಎಣ್ಣೆ ಹಾಕಿದ್ದಾರೆ. ನನ್ನ ಮೆಷಿನ್ ಮೂರು ಸಲ ಬಿಚ್ಚಿ ಜೋಡಿಸಿದ್ದಾರೆ.

ಕುಚ್ಚು_ಕಸೂತಿ | 6:38
ಅಯ್ಯೋ ಅಕ್ಕ, ಅದೇ ಕಸುಬು! ಹೊಲಿಗೆ ಮೆಷಿನ್ ರಿಪೇರಿಯವರು ನಮ್ಮೂರಲ್ಲಿ ಒಬ್ಬರೇ, ಕರೆದರೆ ಎಂಟು ದಿನಕ್ಕೆ ಬರುತ್ತಾರೆ.

ಹೊಲಿಗೆ_ಮನೆ | ಮೂರು ವಾರದ ನಂತರ, ಶನಿವಾರ ಸಂಜೆ 7:10
ಎಲ್ಲರೂ ಏನಾಯ್ತು ಅಂತ ಕೇಳಿದ್ದಿರಿ. ಹೇಳಲೇಬೇಕು.

ಹಣ ಹಾಕಿ ಆಯ್ತು, 14 ಲಕ್ಷ. ಉಳಿದ ಎರಡು ಹಾಗೇ ಇದೆ.

ತಿಪಟೂರಿಗೆ ಹೋಗಿ ಹನ್ನೊಂದು ದಿನ ಇದ್ದೆವು. ದಿನದ ಬಾಡಿಗೆಗೆ ಒಂದು ರೂಮು ಸಿಕ್ಕಿತು, ಸ್ಟವ್ ನಾವೇ ಒಯ್ದೆವು. ಮೊದಲ ಮನೆಯಲ್ಲಿ ಆ ಪ್ರಶ್ನೆ ಬಂತು. ಎರಡನೆಯ ಮನೆಯಲ್ಲೂ ಬಂತು. ಇವರು ಗೇಟಿನಿಂದಲೇ ವಾಪಸ್ ತಿರುಗಿದರು, ನಾನು ಹೇಗೋ ಸಮಾಧಾನ ಮಾಡಿದೆ. ನಾಲ್ಕನೆಯದು ಒಬ್ಬ ರಿಟೈರ್ಡ್ ಟೀಚರ್ ಅಮ್ಮನ ಮನೆ. ಅವರು ಕೇಳಿದ್ದು ಒಂದೇ: "ರಾತ್ರಿ ಎಷ್ಟು ಗಂಟೆ ತನಕ ಮೆಷಿನ್ ತುಳಿಯುತ್ತೀರಿ?" ಬಾಡಿಗೆ 6,000, ಅಡ್ವಾನ್ಸ್ 40. ಎಂಟರ ಮೇಲೆ ತುಳಿಯಲ್ಲ ಅಂತ ಮಾತಾಯ್ತು. ಸಿಸ್ಟರ್ ಹೇಳಿದ ಹಾಗೆ ಆಸ್ಪತ್ರೆಗೂ ಹೋಗಿ ಕೇಳಿದೆ. ಮನೆಯಿಂದ ಆಟೋದಲ್ಲಿ ಆರು ನಿಮಿಷ.

ಇವರು ಮೂರನೇ ದಿನ ಪೇಟೆ ಬೀದಿಯಲ್ಲಿ ಒಂದು ವರ್ಕ್‌ಶಾಪ್ ಹುಡುಕಿಕೊಂಡರು. ತೆಂಗಿನಕಾಯಿ ಸುಲಿಯುವ ಯಂತ್ರ, ಕೊಬ್ಬರಿ ಯಂತ್ರ ರಿಪೇರಿ ಮಾಡುವವರು. ಮಾತಾಡಿಸೋಕೆ ಅಂತ ಹೋದವರು ಊಟಕ್ಕೂ ಬರಲಿಲ್ಲ. ವಾರಕ್ಕೆ ಎರಡು ದಿನ ಬನ್ನಿ ಅಂದಿದ್ದಾರಂತೆ. ದುಡ್ಡಿನ ಮಾತು ಇನ್ನೂ ಆಡಿಲ್ಲ, ಕೇಳಿದರೆ ಸಿಟ್ಟಾಗುತ್ತಾರೆ.

ಸಂಜೆ ಬೇಗ ಊರು ಮಲಗುತ್ತೆ ಅನ್ನೋದು ನಿಜ. ನನಗೆ ಎರಡು ದಿನ ಅಳು ಬಂತು. ಲಗ್ಗೆರೆಯ ಪಕ್ಕದ ಮನೆಯವಳಿಗೆ ಫೋನ್ ಮಾಡಿ ಮಾತಾಡಿದೆ. ಲಗ್ಗೆರೆ ಮನೆಯ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಜಗಳ ಮಾಡಲಿಲ್ಲ. 30ನೇ ತಾರೀಖು ಸಾಮಾನು ಹೋಗುತ್ತೆ.

ಬೆಂಗ್ಳೂರ್_ಬಿಡಲ್ಲ | 7:16
ಹೋಗಿ ಬನ್ನಿ ಅಕ್ಕ. ಒಳ್ಳೇದಾಗಲಿ. ಗಾಡಿ ಬೇಕಾದರೆ ಹೇಳಿ, ನನ್ನ ಭಾವನದು ಟಾಟಾ ಏಸ್ ಇದೆ, ಡೀಸೆಲ್ ಹಾಕಿಸಿದರೆ ಸಾಕು.

ಗುಬ್ಬಿ_ಗೂಡು | 7:18
ಇವರೇ ಅಲ್ವಾ ಬಿಡಬೇಡಿ ಅಂದಿದ್ದು?

ಬೆಂಗ್ಳೂರ್_ಬಿಡಲ್ಲ | 7:19
ನಾನು ಬಿಡಲ್ಲ ಅಂದಿದ್ದು. ಅವರ ವಿಷಯ ಬೇರೆ.

ಕಡತ_ವಿಲೇವಾರಿ | 7:25
ಗೃಹಜ್ಯೋತಿ ಬಿಡಿಸಿದಿರಾ?

ಹೊಲಿಗೆ_ಮನೆ | 7:31
ಮರೆತೇ ಹೋಗಿತ್ತು ಸರ್! ನಾಳೆ ಮಗಳ ಕೈಲಿ ಮಾಡಿಸುತ್ತೇನೆ.

ಕಲ್ಪತರು_ನಾಡು | 7:40
ಅಕ್ಕ, ಬಂದ ತಕ್ಷಣ ತಿಳಿಸಿ. ನಮ್ಮ ಮನೆಯವಳದ್ದು ಎರಡು ರೇಷ್ಮೆ ಸೀರೆ ಕುಚ್ಚಿಲ್ಲದೆ ಬಿದ್ದಿವೆ. ರೇಟು ಲಗ್ಗೆರೆಯದ್ದೋ ತಿಪಟೂರಿನದ್ದೋ ಅಂತ ಈಗಲೇ ಹೇಳಿ, ಅವಳು ಪಕ್ಕದಲ್ಲೇ ಕೂತಿದ್ದಾಳೆ.